ಥರ್ಮೋಸೈಫನ್ ಇರುವ ಫಾರ್ಮಾಲ್ ಎ ಟ್ರ್ಯಾಕ್ಟರ್‌ಗೆ ವಾಟರ್ ಪಂಪ್ ಹಾಕಬಹುದಾ?

ಕೆಂಪುಬಾನೆಟ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1940ರ ದಶಕದ ಒಂದು ಫಾರ್ಮಾಲ್ ಎ ಇದೆ. ಪೆಟ್ರೋಲ್ ಎಂಜಿನ್, ನಾಲ್ಕು ಸಿಲಿಂಡರ್, ಸ್ಪಾರ್ಕ್ ಕೊಡಲು ಮ್ಯಾಗ್ನೆಟೋ, 6 ವೋಲ್ಟ್ ಬ್ಯಾಟರಿ. ಎಂಜಿನ್ ಎಡಕ್ಕೆ, ಸೀಟು ಬಲಕ್ಕೆ ಇರುವ ಆ ಮಾಡೆಲ್. ಕೂತರೆ ಸಾಲು ಕಣ್ಣೆದುರಿಗೇ ಕಾಣುತ್ತದೆ. ಅದಕ್ಕೇ ಈ ಗಾಡಿ ನನಗೆ ಇಷ್ಟ.

ಇದರಲ್ಲಿ ವಾಟರ್ ಪಂಪೇ ಇಲ್ಲ. ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದಾಗ ಮಾತ್ರ ತೆರೆಯುವ ಕವಾಟ, ಅದೂ ಇಲ್ಲ. ಬಿಸಿ ನೀರು ತಾನಾಗಿ ಮೇಲೆ ಹೋಗಿ, ರೇಡಿಯೇಟರ್‌ನಲ್ಲಿ ತಣ್ಣಗಾಗಿ ಕೆಳಗಿಳಿಯಬೇಕು, ಅದೇ ಥರ್ಮೋಸೈಫನ್. ಸಾಲಿನ ನಡುವೆ ಕಳೆ ತೆಗೆಯುವಾಗ ಏನೂ ತೊಂದರೆ ಇಲ್ಲ. ಹಿಂದಿನ ಬೆಲ್ಟ್ ಪುಲ್ಲಿಗೆ ಮೇವು ಕತ್ತರಿಸುವ ಯಂತ್ರ ಕಟ್ಟಿ ನಿಂತಲ್ಲೇ ಓಡಿಸಿದರೆ ಮಾತ್ರ ಅರ್ಧ ಗಂಟೆಯೊಳಗೆ ಕುದಿಯಲು ಶುರು. ಕ್ಯಾಪ್ ಪಕ್ಕದಿಂದ ಆವಿ ಬರುತ್ತದೆ, ನೀರು ಉಕ್ಕುತ್ತದೆ.

ಹೆಡ್ ಗ್ಯಾಸ್ಕೆಟ್ ಹೊಸದು. ಕಂಪ್ರೆಷನ್ ನಾಲ್ಕರಲ್ಲೂ ಹತ್ತಿರ ಹತ್ತಿರ ಒಂದೇ ಇದೆ. ರೇಡಿಯೇಟರ್ ತಾಮ್ರ-ಹಿತ್ತಾಳೆಯದು, ಬೆಸುಗೆ ಹಾಕಿದ ಟ್ಯಾಂಕ್. ಎಲ್ಲೂ ಸೋರುತ್ತಿಲ್ಲ.

ನಾನು ಯೋಚಿಸಿರುವುದು ಇಷ್ಟು. ಕೆಳಗಿನ ಹೋಸ್ ನಡುವೆ ಒಂದು ಎಲೆಕ್ಟ್ರಿಕ್ ಪಂಪ್. ಮೇಲಿನ ಹೋಸ್‌ನಲ್ಲಿ ಥರ್ಮೋಸ್ಟಾಟ್. 7 ಪಿಎಸ್‌ಐ ಪ್ರೆಷರ್ ಕ್ಯಾಪ್. ಹಳೇ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್. ಇದರಲ್ಲಿ ಯಾವುದನ್ನು ಮೊದಲು ಮಾಡಲಿ? ಒಂದೊಂದಾಗಿ ಹಾಕುತ್ತಾ ಹೋದರೆ ಯಾವುದರಿಂದ ಎಷ್ಟು ಅನುಕೂಲ ಅಂತ ಗೊತ್ತಾಗುತ್ತದೆ, ಅಲ್ವಾ?

ಹಿತ್ತಾಳೆಟ್ಯಾಂಕ್:

ಒಂದೊಂದಾಗಿ ಮಾತ್ರ ಹಾಕಬೇಡಿ ಸರ್. ನನ್ನ ಕೆಲಸವೇ ರೇಡಿಯೇಟರ್ ರಿಪೇರಿ. ಹಳೇ ಟ್ರ್ಯಾಕ್ಟರ್‌ಗಳ ಕೋರ್ (ಎರಡು ಟ್ಯಾಂಕ್ ನಡುವಿನ ಕೊಳವೆಗಳ ಭಾಗ) ಬಿಚ್ಚಿ, ಕಟ್ಟಿದ ಕೊಳವೆಗಳ ಒಳಗೆ ಸರಳು ಚುಚ್ಚಿ ಕ್ಲೀನ್ ಮಾಡಿ, ಮತ್ತೆ ಬೆಸುಗೆ ಹಾಕುವುದರಲ್ಲೇ ನನ್ನ ದಿನ ಹೋಗುತ್ತದೆ. ಅರ್ಧ ಮಾಡಿಫೈ ಮಾಡಿ ಬಂದ ಗಾಡಿಗಳೇ ನನಗೆ ಜಾಸ್ತಿ ತಲೆನೋವು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಈ ನೀರನ್ನು ಓಡಿಸುವ ಬಲ ಎಷ್ಟು ಅಂತ ನೋಡಿ. 90 ಡಿಗ್ರಿಯ ನೀರು ಲೀಟರಿಗೆ ಸುಮಾರು 965 ಗ್ರಾಂ ತೂಗುತ್ತದೆ. 60 ಡಿಗ್ರಿಯದು ಸುಮಾರು 983 ಗ್ರಾಂ. ಲೀಟರಿಗೆ 18 ಗ್ರಾಂ ವ್ಯತ್ಯಾಸ, ಅಷ್ಟೇ. ಬಿಸಿ ನೀರಿನ ಕಂಬಕ್ಕೂ ತಣ್ಣನೆ ನೀರಿನ ಕಂಬಕ್ಕೂ 40 ಸೆಂಟಿಮೀಟರ್ ಎತ್ತರ ಸಿಕ್ಕಿತು ಅಂದುಕೊಳ್ಳಿ. ಆಗ ನೀರನ್ನು ತಳ್ಳುವ ಒಟ್ಟು ಒತ್ತಡ 7 ಮಿಲಿಮೀಟರ್ ನೀರಿನಷ್ಟು. ಒಂದು ಬೆರಳಿನ ದಪ್ಪವೂ ಇಲ್ಲ! ಈ ಸಣ್ಣ ಬಲದಲ್ಲೇ ಎಂಜಿನ್ ತಂಪಾಗಬೇಕು ಅಂತಲೇ ಆ ಕಾಲದವರು ಹೋಸ್‌ಗಳನ್ನು ಅಷ್ಟು ದಪ್ಪ ಇಟ್ಟರು, ಬ್ಲಾಕ್ ಒಳಗೆ ಅಗಲವಾದ ದಾರಿ ಬಿಟ್ಟರು, ರೇಡಿಯೇಟರ್ ಎತ್ತರಕ್ಕೆ ಕೂರಿಸಿದರು. 1917ರ ಫೋರ್ಡ್‌ಸನ್ ಎಫ್ ಹೀಗೇ ಓಡಿತು. ಜಾನ್ ಡಿಯರ್‌ನ ಎರಡು ಸಿಲಿಂಡರ್‌ನ ಎ ಮತ್ತು ಬಿ ಹೀಗೇ ಓಡಿದವು. ನಿಮ್ಮ ಫಾರ್ಮಾಲ್ ಎ ಕೂಡ ಹೊಸದಿದ್ದಾಗ ಬೆಲ್ಟ್ ಕೆಲಸವನ್ನು ಕುದಿಯದೇ ಮಾಡಿದೆ. ಈಗ ಕುದಿಯುತ್ತಿದೆ ಅಂದರೆ ಅಂದಿನಿಂದ ಇಂದಿಗೆ ಏನೋ ಬದಲಾಗಿದೆ. ಅದನ್ನು ಮೊದಲು ಹುಡುಕೋಣ.

ನಿಮ್ಮ ಪ್ಲಾನ್‌ಗೆ ಬರೋಣ. ಮೇಲಿನ ಹೋಸ್‌ನಲ್ಲಿ ಥರ್ಮೋಸ್ಟಾಟ್ ಅಂದಿರಿ. ಅದು ಪೂರ್ತಿ ತೆರೆದಾಗಲೂ ನೀರು ಹೋಗುವ ಸಂದಿ ಬಹಳ ಕಿರಿದು. 7 ಮಿಲಿಮೀಟರ್ ಬಲಕ್ಕೆ ಅದೇ ಒಂದು ಗೋಡೆ. ಪಂಪ್ ಇಲ್ಲದೇ ಇದನ್ನು ಹಾಕಿದರೆ ಈಗಿಗಿಂತ ಬೇಗ ಕುದಿಯುತ್ತದೆ.

ಕೆಳಗಿನ ಹೋಸ್‌ನಲ್ಲಿ ಎಲೆಕ್ಟ್ರಿಕ್ ಪಂಪ್. ಅದು ಓಡುವವರೆಗೆ ಸರಿ. ನಿಂತರೆ? ಅದರ ಒಳಗಿನ ರೆಕ್ಕೆಯೇ ದಾರಿಗೆ ಅಡ್ಡ. ಥರ್ಮೋಸೈಫನ್ ಕೂಡ ಸರಿಯಾಗಿ ನಡೆಯುವುದಿಲ್ಲ. ಈಗ ಕೆಡುವ ಭಾಗವೇ ಇಲ್ಲದ ವ್ಯವಸ್ಥೆಗೆ ಒಂದು ಫ್ಯೂಸ್, ಒಂದು ಸ್ವಿಚ್, ಒಂದು ಮೋಟರ್ ಸೇರಿಸಿದಂತೆ ಆಗುತ್ತದೆ. ಅಲ್ಲದೆ ನಿಮ್ಮದು 6 ವೋಲ್ಟ್. ಸಿಗುವ ಪಂಪ್‌ಗಳು ಹೆಚ್ಚಾಗಿ 12 ವೋಲ್ಟಿನವು. ಎಲೆಕ್ಟ್ರಿಕ್ ಫ್ಯಾನ್ ಒಂದೇ 12 ವೋಲ್ಟ್‌ನಲ್ಲಿ 10 ಆಂಪಿಯರ್ ದಾಟುವುದು ಸಾಮಾನ್ಯ. ಹಳೇ ಜನರೇಟರ್ ಅದನ್ನು ಹೊರುವುದಿಲ್ಲ. ಬೆಲ್ಟ್‌ನಲ್ಲಿ ತಿರುಗುವ ನಿಮ್ಮ ಈಗಿನ ಫ್ಯಾನ್ ಎಂಜಿನ್ ಓಡುವಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಅದನ್ನು ದಯವಿಟ್ಟು ತೆಗೆಯಬೇಡಿ.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಪ್ರೆಷರ್ ಕ್ಯಾಪ್. 7 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋ. ಕೇಳಲು ಸಣ್ಣದು. 45 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರದ ಟ್ಯಾಂಕ್ ಬದಿಗೆ ಲೆಕ್ಕ ಹಾಕಿ. 220 ಕಿಲೋ ಬೀಳುತ್ತದೆ. ಆ ಟ್ಯಾಂಕ್ ಮಾಡಿದ್ದು ಒತ್ತಡವೇ ಇಲ್ಲದೆ ಓಡಲು. ದಶಕಗಳ ಹಳೇ ಬೆಸುಗೆ ಅದನ್ನು ತಡೆಯುತ್ತದೆ ಅಂತ ನಾನು ಯಾರಿಗೂ ಮಾತು ಕೊಡಲಾರೆ. ಬೆಸುಗೆ ಬಿಟ್ಟರೆ ಕುದಿಯುವ ನೀರು ಹಾರುವುದು ಪಕ್ಕದಲ್ಲಿ ನಿಂತವರ ಮೇಲೆ. ಇನ್ನೊಂದು ಮಾತು. ಪ್ರೆಷರ್ ಕ್ಯಾಪ್ ನೀರು ಕುದಿಯುವ ಡಿಗ್ರಿಯನ್ನು ಮೇಲಕ್ಕೆ ಏರಿಸುತ್ತದೆ, ಅಷ್ಟೇ. 7 ಪಿಎಸ್‌ಐಗೆ 112ರ ಆಸುಪಾಸು. ಎಂಜಿನ್‌ನಿಂದ ಒಂದು ಹನಿ ಬಿಸಿಯನ್ನೂ ಅದು ಹೊರಗೆ ಹಾಕುವುದಿಲ್ಲ. ಆವಿ ಕಾಣುವುದು ನಿಲ್ಲುತ್ತದೆ, ಹೆಡ್ ಮಾತ್ರ ಇನ್ನೂ ಬಿಸಿಯಾಗುತ್ತದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಬೆಲ್ಟ್ ಕೆಲಸಕ್ಕೆ ಕಟ್ಟಿ ಓಡಿಸಿ, ಕುದಿಯುವ ಸ್ವಲ್ಪ ಮುಂಚೆ ಮೇಲಿನ ಟ್ಯಾಂಕ್ ಎಷ್ಟು ಡಿಗ್ರಿ, ಕೆಳಗಿನ ಟ್ಯಾಂಕ್ ಎಷ್ಟು ಡಿಗ್ರಿ ಅಂತ ಅಳೆಯಿರಿ. ಗುಂಡಿ ಒತ್ತಿದರೆ ಡಿಗ್ರಿ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಹೊಳೆಯುವ ಹಿತ್ತಾಳೆಗೆ ನೇರ ಹಿಡಿಯಬೇಡಿ, ಅದು ಕಡಿಮೆ ತೋರಿಸುತ್ತದೆ. ಎರಡೂ ಕಡೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಅಳೆಯಿರಿ. ಕೋರ್‌ನ ಮುಂಭಾಗದಲ್ಲೂ ಎಡದಿಂದ ಬಲಕ್ಕೆ ನಿಧಾನವಾಗಿ ಹಿಡಿದು ನೋಡಿ.

ಮೇಲೂ ಕೆಳಗೂ ಎರಡೂ ಸುಡುತ್ತಿದ್ದರೆ ನೀರು ಓಡುತ್ತಿದೆ, ಗಾಳಿ ಸಾಲುತ್ತಿಲ್ಲ. ಮೇಲೆ ಸುಟ್ಟು ಕೆಳಗೆ ತಣ್ಣಗಿದ್ದರೆ ಗಾಳಿ ಸಾಕು, ನೀರು ಓಡುತ್ತಿಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ. ಅಳೆಯದೇ ಏನನ್ನೂ ಕೊಳ್ಳಬೇಡಿ.

ಎರಡುಸಿಲಿಂಡರ್:

ನನ್ನದು ಜಾನ್ ಡಿಯರ್ ಬಿ. ಅದರಲ್ಲೂ ಪಂಪ್ ಇಲ್ಲ. ಮೇಲಿನ ಅಣ್ಣ ಹೇಳಿದ್ದಕ್ಕೆ ಗಾಳಿಯ ಕಡೆಯದ್ದು ಸ್ವಲ್ಪ ಸೇರಿಸುತ್ತೇನೆ.

ಮೇವು ಕತ್ತರಿಸುವಾಗ ನಿಂತಲ್ಲೇ ಓಡಿಸುತ್ತೀರಿ. ಗಾಳಿಗೆ ಫ್ಯಾನ್ ಒಂದೇ ದಿಕ್ಕು. ಅದೇ ಫ್ಯಾನ್ ಹೊಟ್ಟು, ದೂಳನ್ನೆಲ್ಲ ಎಳೆದು ಫಿನ್‌ಗಳ (ಕೊಳವೆಗಳ ನಡುವಿನ ತೆಳು ಹಾಳೆಗಳ) ಸಂದಿಯಲ್ಲಿ ತುಂಬುತ್ತದೆ. ಮುಂದಿನಿಂದ ನೋಡಿದರೆ ಕ್ಲೀನ್ ಇದ್ದಂತೆ ಕಾಣುತ್ತದೆ, ಒಳಗೆ ಗಟ್ಟಿ ಪದರ ಕೂತಿರುತ್ತದೆ. ಹಿಂದೆ ಒಂದು ಬಲ್ಬ್ ಹಿಡಿದು ಮುಂದಿನಿಂದ ಬೆಳಕು ಕಾಣುತ್ತದಾ ನೋಡಿ. ಗಾಳಿ ಹೊಡೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ಹೊಡೆಯಬೇಕು. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಕ್ಕೆ ಹೋಗುತ್ತದೆ. ಪ್ರೆಷರ್ ವಾಷರ್ ಹತ್ತಿರ ಹಿಡಿಯಬೇಡಿ, ಫಿನ್ ಮಡಚಿಕೊಳ್ಳುತ್ತವೆ.

ಫ್ಯಾನ್ ಬೆಲ್ಟ್ ಜಾರುತ್ತಿದೆಯಾ ಅದನ್ನೂ ನೋಡಿ. ಪುಲ್ಲಿಯ ತಳ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ತಳಕ್ಕೆ ಕೂತಿದೆ ಅಂತ ಅರ್ಥ. ಬೆಲ್ಟ್ ಹಿಡಿಯಬೇಕಾದದ್ದು ಪಕ್ಕದ ಗೋಡೆಗಳನ್ನು.

ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ ಎಂಜಿನ್ ಕುದಿಯುತ್ತದೆ. ಸ್ಟಾರ್ಟ್ ಮಾಡುವಾಗ ಮಾತ್ರ ಸ್ಪಾರ್ಕ್ ತಡಮಾಡಿ ಕೊಡುವ, ಮ್ಯಾಗ್ನೆಟೋದ ಇಂಪಲ್ಸ್ ಕಪ್ಲಿಂಗ್ ಸ್ಟಾರ್ಟ್ ಆದ ಮೇಲೂ ಟಕ್ ಟಕ್ ಅನ್ನುತ್ತಿದ್ದರೆ ಸ್ಪಾರ್ಕ್ ತಡವಾಗಿ ಬರುತ್ತಿದೆ. ಕಿವಿ ಕೊಟ್ಟು ಕೇಳಿ.

ಬೆಲ್ಟ್‌ಡ್ರೈವ್:

ನನ್ನದೂ ಫಾರ್ಮಾಲ್ ಎ. ಪಂಪ್ ಬೇಡವೇ ಬೇಡ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಈ ಎಂಜಿನ್‌ಗೆ ಫ್ಯಾನ್ ಬೆಲ್ಟ್‌ನಲ್ಲೇ ತಿರುಗುವ ಪಂಪ್ ಕಿಟ್ ಬರುತ್ತದೆ. ಫ್ಯಾನ್ ಅದರ ಮೂತಿಗೇ ಕೂರುತ್ತದೆ. ವಿದ್ಯುತ್ ಬೇಡ, ಸ್ವಿಚ್ ಬೇಡ. ನಾನು ಹಾಕಿಸಿದ್ದೇನೆ, ಬೇಸಿಗೆಯಲ್ಲೂ ದಿನವಿಡೀ ಬೆಲ್ಟ್ ಕೆಲಸ ಮಾಡುತ್ತೇನೆ. ಒಂದೇ ಕಷ್ಟ, ಚಳಿಗಾಲದಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ. ಆಯಿಲ್ ಫಿಲ್ಲರ್ ಕ್ಯಾಪ್ ತೆಗೆದರೆ ಒಳಗೆ ಹಾಲಿನ ಕೆನೆಯಂತಹ ಬಿಳಿ ಪದರ ಕಾಣುತ್ತದೆ.

ಹಿತ್ತಾಳೆಟ್ಯಾಂಕ್:

ಬೆಲ್ಟ್ ಪಂಪ್ ಒಳ್ಳೆಯದೇ ಸರ್, ನಾನೂ ಒಪ್ಪುತ್ತೇನೆ. ನೀವು ಹೇಳಿದ ಬಿಳಿ ಪದರಕ್ಕೇ ನಾನು ಅರ್ಧ ಮಾಡಿಫೈ ಅಂದಿದ್ದು. ಥರ್ಮೋಸೈಫನ್‌ಗೆ ಒಂದು ದೊಡ್ಡ ಗುಣ ಇದೆ. ಎಂಜಿನ್ ತಣ್ಣಗಿದ್ದಾಗ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಬಿಸಿ ಏರಿದಂತೆ ತಾನಾಗಿ ಓಡುತ್ತದೆ. ಪಂಪ್ ಬಂದ ತಕ್ಷಣ ಆ ಗುಣ ಹೋಯಿತು. ಸ್ಟಾರ್ಟ್ ಮಾಡಿದ ಕ್ಷಣದಿಂದ ನೀರು ಓಡುತ್ತದೆ. ಎಂಜಿನ್ ಬಿಸಿಯಾಗದಿದ್ದರೆ ಒಳಗಿನ ತೇವ ಆಯಿಲ್‌ನಲ್ಲೇ ಉಳಿಯುತ್ತದೆ. ನೀವು ನೋಡಿದ ಬಿಳಿ ಪದರ ಅದೇ. ಪೆಟ್ರೋಲ್ ಕೂಡ ಸರಿಯಾಗಿ ಆವಿಯಾಗದೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತದೆ, ರಿಂಗ್ ಬೇಗ ಸವೆಯುತ್ತದೆ.

ಆದ್ದರಿಂದ ಪಂಪ್ ಹಾಕಿದವರಿಗೆ ಥರ್ಮೋಸ್ಟಾಟ್ ಬೇಕೇ ಬೇಕು. ಥರ್ಮೋಸ್ಟಾಟ್ ಹಾಕಿದ ಮೇಲೆ ಬೈಪಾಸ್ ಬೇಕು. ಅದು ಮುಚ್ಚಿರುವಾಗ ಪಂಪ್ ತಳ್ಳಿದ ನೀರು ಹೆಡ್‌ನಿಂದ ಮತ್ತೆ ಪಂಪ್‌ಗೆ ವಾಪಸ್ ಬರಲು ಒಂದು ಸಣ್ಣ ಹೋಸ್. ಇಲ್ಲದಿದ್ದರೆ ಎಕ್ಸಾಸ್ಟ್ ವಾಲ್ವ್ ಸುತ್ತ ನೀರು ನಿಂತು ಅಲ್ಲೇ ಆವಿಯಾಗುತ್ತದೆ, ಥರ್ಮೋಸ್ಟಾಟ್‌ಗೆ ಬಿಸಿ ತಲುಪುವುದೇ ಇಲ್ಲ. ಥರ್ಮೋಸ್ಟಾಟ್ ತಟ್ಟೆಯಲ್ಲಿ 3 ಮಿಲಿಮೀಟರ್‌ನ ಒಂದು ತೂತು ಕೂಡ ಇರಲಿ, ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹೋಗುತ್ತದೆ. ಪಂಪ್, ಥರ್ಮೋಸ್ಟಾಟ್, ಬೈಪಾಸ್ ಮೂರೂ ಒಟ್ಟಿಗೆ ಬರಬೇಕು. ನಿಮ್ಮಲ್ಲಿ ಈಗ ಒಂದು ಮಾತ್ರ ಇದೆ. ಅಲ್ಲಿಯವರೆಗೆ ಚಳಿಗಾಲದಲ್ಲಿ ರೇಡಿಯೇಟರ್ ಮುಂದೆ ಒಂದು ದಪ್ಪ ಬಟ್ಟೆ ಅರ್ಧ ಇಳಿಬಿಡಿ.

ಕೆಂಪುಬಾನೆಟ್:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೇಪ್ ಅಂಟಿಸಿ ಅಳೆದೆ. ಕುದಿಯುವ ಮುಂಚೆ ಮೇಲಿನ ಟ್ಯಾಂಕ್ 98. ಕೆಳಗಿನದು 52. ಕೋರ್‌ನ ಎಡಗಡೆ ಮೂರನೇ ಒಂದು ಭಾಗ ಬರೀ ಉಗುರು ಬೆಚ್ಚಗಿದೆ, ಉಳಿದದ್ದು ಕೈ ಇಡಲಾಗದಷ್ಟು ಬಿಸಿ. ಬಲ್ಬ್ ಹಿಡಿದು ನೋಡಿದೆ, ಬೆಳಕು ಎಲ್ಲಾ ಕಡೆ ಚೆನ್ನಾಗಿ ಬರುತ್ತಿದೆ. ಬೆಲ್ಟ್ ಜಾರುತ್ತಿಲ್ಲ. ಇಂಪಲ್ಸ್ ಕಪ್ಲಿಂಗ್ ಸ್ಟಾರ್ಟ್ ಆದ ಮೇಲೆ ಸುಮ್ಮನಾಗುತ್ತದೆ.

ಇನ್ನೊಂದು ವಿಚಿತ್ರ. ನೀರು ಇಳಿಸೋಣ ಅಂತ ಬ್ಲಾಕ್ ಪಕ್ಕದ ಡ್ರೈನ್ ಕಾಕ್ ತೆರೆದೆ. ಒಂದು ಹನಿಯೂ ಬರಲಿಲ್ಲ.

ಹಿತ್ತಾಳೆಟ್ಯಾಂಕ್:

ಆ ಕಾಕ್‌ನಿಂದ ನೀರು ಬರಲಿಲ್ಲ ಅಂದಾಗಲೇ ಉತ್ತರ ಸಿಕ್ಕಿತು ಸರ್! ಬ್ಲಾಕ್ ತಳದಲ್ಲಿ ತುಕ್ಕು ಮತ್ತು ಕೆಸರು ಕಾಕ್‌ನ ಎತ್ತರಕ್ಕೆ ತುಂಬಿದೆ. ಅದು ಹೆಚ್ಚಾಗಿ ಕೂರುವುದು ಹಿಂದಿನ ಸಿಲಿಂಡರ್‌ಗಳ ಸುತ್ತ, ನೀರು ನಿಧಾನವಾಗಿ ಓಡುವ ಮೂಲೆಯಲ್ಲಿ.

98 ಮತ್ತು 52. 46 ಡಿಗ್ರಿ ವ್ಯತ್ಯಾಸ. ಇಷ್ಟು ವ್ಯತ್ಯಾಸ ಇದ್ದರೆ ತಳ್ಳುವ ಬಲ ಮಾಮೂಲಿಗಿಂತ ಜಾಸ್ತಿಯೇ ಇರುತ್ತದೆ. ಆದರೂ ನೀರು ಸಾಗುತ್ತಿಲ್ಲ ಅಂದರೆ ದಾರಿ ಕಟ್ಟಿದೆ. ಅದೇ ಬಿಸಿಯನ್ನು 23 ಡಿಗ್ರಿ ವ್ಯತ್ಯಾಸದಲ್ಲಿ ಹೊರಗೆ ಹಾಕಬೇಕಾದರೆ ಈಗಿನ ಎರಡರಷ್ಟು ನೀರು ಓಡಬೇಕು. ಎಡಗಡೆಯ ಕೊಳವೆಗಳು ಮುಚ್ಚಿವೆ, ಅದು ನೀವೇ ಕೈಯಿಟ್ಟು ನೋಡಿದ್ದೀರಿ. ಈ ಸ್ಥಿತಿಯಲ್ಲಿ ಪಂಪ್ ಹಾಕಿದ್ದರೆ ತೆರೆದಿರುವ ಕೊಳವೆಗಳಲ್ಲಿ ನೀರು ಜೋರಾಗಿ ಓಡಿ, ಹಿಂದಿನ ಸಿಲಿಂಡರ್ ಸುತ್ತ ಕೆಸರು ಹಾಗೇ ಉಳಿಯುತ್ತಿತ್ತು. ಮೀಟರ್ ಚೆನ್ನಾಗಿ ತೋರಿಸುತ್ತಿತ್ತು, ಆ ಸಿಲಿಂಡರ್ ಒಳಗೊಳಗೇ ಬೇಯುತ್ತಿತ್ತು.

ಕ್ಲೀನ್ ಮಾಡುವ ಕ್ರಮ ಹೇಳುತ್ತೇನೆ. ಡ್ರೈನ್ ಕಾಕ್ ಪೂರ್ತಿ ಬಿಚ್ಚಿ, ಆ ತೂತಿನಲ್ಲಿ ಬಗ್ಗುವ ತಂತಿ ಹಾಕಿ ಕೆದಕಿ. ಸಾಧ್ಯವಾದರೆ ಬ್ಲಾಕ್ ಬದಿಯ ಪ್ಲಗ್‌ಗಳನ್ನೂ ಬಿಚ್ಚಿ. ಕೈ ಹಾಕಲು ಆಗುವ ಜಾಗ ಅದೊಂದೇ. ತುಕ್ಕು ಹಾಳೆ ಹಾಳೆಯಾಗಿ ಬರುತ್ತದೆ. ಈ ಕೆಲಸ ಆಗುವವರೆಗೆ ರೇಡಿಯೇಟರ್ ಬಿಚ್ಚಿ ಪಕ್ಕಕ್ಕಿಡಿ, ಬ್ಲಾಕ್‌ನ ಕೊಳೆ ಅದಕ್ಕೆ ಹೋಗಬಾರದು. ನೀರಿನ ಪೈಪನ್ನು ಮೇಲಿನ ಹೋಸ್ ಬಾಯಿಗೆ ಹಿಡಿದು ತಿರುಗಾಮುರುಗಾ ಓಡಿಸಿ, ತಿಳಿ ನೀರು ಬರುವವರೆಗೆ. ರೇಡಿಯೇಟರನ್ನೂ ಹಾಗೇ, ತಲೆಕೆಳಗು ಮಾಡಿ ಕೆಳಗಿನ ಬಾಯಿಯಿಂದ ನೀರು ಬಿಡಿ.

ಕೆದಕಲು ಆಗುವುದನ್ನೆಲ್ಲ ಕೆದಕಿದ ಮೇಲೆ ಮಾತ್ರ ಆಸಿಡ್. ಸಿಟ್ರಿಕ್ ಆಸಿಡ್ ಲೀಟರಿಗೆ 50 ಗ್ರಾಂ ಸಾಕು. ಎಲ್ಲ ಜೋಡಿಸಿ, ತುಂಬಿಸಿ, ಎಂಜಿನ್ ಬೆಚ್ಚಗಾಗುವಷ್ಟು ಓಡಿಸಿ, ಒಂದು ಗಂಟೆಯೊಳಗೆ ಇಳಿಸಿಬಿಡಿ. ರಾತ್ರಿಯಿಡೀ ಬಿಡಬೇಡಿ, ಒಳಗೆ ಕೂತ ಸುಣ್ಣದ ಪದರ ಕರಗಿ ಮುಗಿದ ಮೇಲೆ ಆಸಿಡ್ ಕಬ್ಬಿಣ ತಿನ್ನಲು ಶುರು ಮಾಡುತ್ತದೆ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಒಂದು ಸಲ, ಬರೀ ನೀರಿನಲ್ಲಿ ಮತ್ತೆರಡು ಸಲ ತೊಳೆಯಿರಿ. ಬಿಸಿ ಬ್ಲಾಕ್‌ಗೆ ಮಾತ್ರ ತಣ್ಣೀರು ಹೊಯ್ಯಬೇಡಿ. ಎರಕದ ಕಬ್ಬಿಣ ಸೀಳಿಬಿಡುತ್ತದೆ. ನನ್ನ ಹತ್ತಿರ ಬಂದ ಕೆಲವು ಒಳ್ಳೊಳ್ಳೆ ಬ್ಲಾಕ್‌ಗಳು ಹಾಳಾಗಿದ್ದು ಹೀಗೇ, ನೋಡಿದರೆ ಸಂಕಟ ಆಗುತ್ತದೆ.

ಆಸಿಡ್ ಆದ ಮೇಲೂ ಎಡಗಡೆ ತಣ್ಣಗೇ ಇದ್ದರೆ ಟ್ಯಾಂಕ್ ಬೆಸುಗೆ ಬಿಡಿಸಿ ಕೊಳವೆ ಚುಚ್ಚಿಸಬೇಕು. ಸೋರಿಕೆ ನಿಲ್ಲಿಸುವ ಪುಡಿಯನ್ನು ಯಾರು ಎಷ್ಟೇ ಹೇಳಿದರೂ ಈ ರೇಡಿಯೇಟರ್‌ಗೆ ಹಾಕಬೇಡಿ.

ಕೆಂಪುಬಾನೆಟ್:

ಮಾಡಿದೆ. ಬ್ಲಾಕ್‌ನಿಂದ ಅರ್ಧ ಬಕೆಟ್ ಕೆಂಪು ಕೆಸರು ಬಂತು, ನಡುವೆ ಚಪ್ಪಟೆ ತುಕ್ಕಿನ ತುಂಡುಗಳು. ಆಸಿಡ್‌ನಿಂದ ಎಡಗಡೆ ಪೂರ್ತಿ ಬಿಟ್ಟುಕೊಳ್ಳಲಿಲ್ಲ. ಟ್ಯಾಂಕ್ ಬಿಡಿಸಿ ಚುಚ್ಚಿಸಿದೆ. ಈಗ ಅದೇ ಮೇವಿನ ಯಂತ್ರ, ಅದೇ ಬೆಲ್ಟ್. ಒಂದು ಗಂಟೆ ದಾಟಿದ ಮೇಲೆ ಮೇಲಿನ ಟ್ಯಾಂಕ್ 91, ಕೆಳಗಿನದು 66. ಅಲ್ಲಿಂದ ಮೇಲೆ ಏರಲೇ ಇಲ್ಲ. ಕೋರ್ ಎಡದಿಂದ ಬಲಕ್ಕೆ ಒಂದೇ ಸಮ.

ಪಂಪ್, ಕ್ಯಾಪ್, ಎಲೆಕ್ಟ್ರಿಕ್ ಫ್ಯಾನ್ ಎಲ್ಲ ಕೈಬಿಟ್ಟೆ. ಒಂದೇ ಪ್ರಶ್ನೆ ಉಳಿದಿದೆ. ಇಷ್ಟು ದಿನ ಬರೀ ನೀರು ಹಾಕುತ್ತಿದ್ದೆ. ಕೂಲೆಂಟ್ ಹಾಕಲಾ?

ಎರಡುಸಿಲಿಂಡರ್:

91 ನೋಡಿ ಖುಷಿಯಾಯಿತು. ಹೊಟ್ಟು ತಡೆಯಲು ಮುಂದೆ ಒಂದು ಸಣ್ಣ ಕಣ್ಣಿನ ಜಾಲರಿ ಹಾಕಿ. ಕೋರ್‌ಗೆ ತಾಗಿಸಬೇಡಿ, ಸ್ವಲ್ಪ ದೂರ ಇರಲಿ. ಆಗ ಕೈಯಲ್ಲೇ ಒರೆಸಬಹುದು.

ಹಿತ್ತಾಳೆಟ್ಯಾಂಕ್:

ತುಂಬಾ ಸಂತೋಷ ಸರ್. 25 ಡಿಗ್ರಿ ವ್ಯತ್ಯಾಸ, ಪಂಪ್ ಇಲ್ಲದ ಎಂಜಿನ್‌ಗೆ ಇದು ಆರೋಗ್ಯದ ಲಕ್ಷಣ.

ಕೂಲೆಂಟ್ ಹಾಕಿ. ಬರೀ ನೀರು ಹಾಕಿದ್ದಕ್ಕೇ ಆ ಅರ್ಧ ಬಕೆಟ್ ತುಕ್ಕು ಬಂದದ್ದು. ಆದರೆ ಎಷ್ಟು ಬೆರೆಸಬೇಕು ಅನ್ನುವುದು ನಿಮ್ಮ ಜಾಗದ ಚಳಿಯ ಮೇಲೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಹಾಕಿದರೆ ಮೈನಸ್ 35 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ಗ್ಲೈಕಾಲ್ ನೀರಿಗಿಂತ ಮಂದ, ಬಿಸಿಯನ್ನು ಹೊರುವುದೂ ಕಡಿಮೆ. ಪಂಪ್ ಇದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ 7 ಮಿಲಿಮೀಟರ್ ಬಲಕ್ಕೆ ಬರುತ್ತದೆ. ನೀರು ಹೆಪ್ಪುಗಟ್ಟದ ಜಾಗವಾದರೆ ಮೂರನೇ ಒಂದು ಪಾಲು ಗ್ಲೈಕಾಲ್ ಸಾಕು, ತುಕ್ಕು ತಡೆಯುವ ಅಂಶ ಅಷ್ಟರಲ್ಲಿ ಬರುತ್ತದೆ. ಉಳಿದದ್ದು ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಬೇಡ. ಡಬ್ಬಿಯ ಮೇಲೆ ತಾಮ್ರ, ಹಿತ್ತಾಳೆ, ಬೆಸುಗೆಗೆ ಆಗುತ್ತದೆ ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಅಲ್ಯೂಮಿನಿಯಂ ರೇಡಿಯೇಟರ್‌ಗೆ ಅಂತ ಮಾಡಿದ್ದು ಬೇಡ.

ಮಟ್ಟ ಮಾತ್ರ ದಿನಾ ನೋಡಿ. ಕೊಳವೆಗಳ ತುದಿಯೂ ಮೇಲಿನ ಹೋಸ್‌ನ ಬಾಯಿಯೂ ಮುಳುಗಿರಬೇಕು. ನೀರು ಆ ಬಾಯಿಗಿಂತ ಕೆಳಗಿಳಿದರೆ ಸುತ್ತು ತುಂಡಾಯಿತು, ಓಟ ಅಲ್ಲಿಗೇ ನಿಲ್ಲುತ್ತದೆ. ಹಾಗಂತ ಕುತ್ತಿಗೆವರೆಗೆ ತುಂಬಬೇಡಿ, ಬಿಸಿಯಾದಾಗ ಹಿಗ್ಗಲು ಜಾಗ ಬೇಕು. ಗ್ಲೈಕಾಲ್ ವಿಷ, ಆದರೆ ಸಿಹಿ ಇರುತ್ತದೆ. ಕೆಳಗೆ ಚೆಲ್ಲಿದ್ದನ್ನು ನಾಯಿ, ದನ ನೆಕ್ಕದಂತೆ ತೊಳೆದುಬಿಡಿ.

ಎರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಹೋಸ್ ಕ್ಲಿಪ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ನೀರು ಸೋರದ ಸಂದಿಯಲ್ಲೂ ಗ್ಲೈಕಾಲ್ ಸೋರುತ್ತದೆ.